ಇಲ್ಲದ ಏಕಾದಶಿ

ಅಶ್ವತ್ಥನನ್ನು ನನ್ನ ಅಂಗಡಿಯ ತಕ್ಕಡಿಗೆ ಹಾಕಿದ್ದರೆ ಐವತ್ತೆಂಟು ಕಿಲೋ ತೂಗುತ್ತಿದ್ದ, ಅದೂ ಚಳಿಗಾಲದ ಜಾಕೆಟ್ಟು ಸೇರಿ. ಮಾಲು ಮೇಲ್ನೋಟಕ್ಕೆ ಸಾಧಾರಣ: ಉದ್ದ ಕತ್ತು, ಚಪ್ಪಟೆ ಎದೆ, ಹೇಳಿದ ಬೆಲೆಗೆ ಎರಡನೇ ಮಾತಾಡದ ಬಾಯಿ. ಇಂಥ ಗಿರಾಕಿಯಿಂದ ವ್ಯಾಪಾರಿಗೆ ಲಾಭವುಂಟು, ಮಜಾ ಇಲ್ಲ. ಒಳಗೆ ಒಂದು ಕಿಡ್ನಿ ಕಮ್ಮಿ ಇತ್ತು. ಸ್ವೀಡನ್ನಿಗೆ ಬರುವ ಹಿಂದಿನ ವರ್ಷ ಅದನ್ನು ತಂಗಿ ವಸಂತಿಗೆ ಕೊಟ್ಟಿದ್ದ.

“ಉಳಿದದ್ದು ಒಂದೇ ಶೆಟ್ರೇ, ಸ್ಪೇರ್ ಇಲ್ಲ” ಅನ್ನುತ್ತಿದ್ದ.

ದಿನಕ್ಕೆ ಮೂರು ಲೀಟರ್ ನೀರು ಕುಡಿಯಲೇಬೇಕು, ಉಪವಾಸ ಕೂಡದು ಎಂದು ಡಾಕ್ಟರ ಕಟ್ಟಪ್ಪಣೆ. ಏಕಾದಶಿಗೆ ಹನಿ ನೀರೂ ಮುಟ್ಟದ ಮನೆತನದವನು ಆ ವ್ರತವನ್ನೂ ಬಿಟ್ಟಿದ್ದ.

ಸ್ಯಾಂಡ್‌ವಿಕೆನ್ನಿನಲ್ಲಿ ಉಕ್ಕು ಪರೀಕ್ಷಿಸುವ ಕೆಲಸ. ತಿಂಗಳಿಗೊಂದು ಶನಿವಾರ ರೈಲಿನಲ್ಲಿ ಉಪ್ಸಾಲಾಕ್ಕೆ ಬಂದು ನನ್ನಲ್ಲಿ ಅಕ್ಕಿ, ತೊಗರಿಬೇಳೆ ಒಯ್ಯುತ್ತಿದ್ದ. ಜನವರಿಯಲ್ಲಿ ಗಿರಾಕಿಗಳಿಗೆಲ್ಲ ನಾನು ಪಂಚಾಂಗದ ಕ್ಯಾಲೆಂಡರು ಪುಕ್ಕಟೆ ಕೊಡುತ್ತೇನೆ. ಅವನ ಪ್ರತಿಯಲ್ಲಿ ಮಾತ್ರ ಒಂದೊಂದು ಏಕಾದಶಿಗೂ ಕೆಂಪು ಸುತ್ತು ಹಾಕಿ, ‘ಇವತ್ತು ತಿನ್ನು’ ಎಂದು ಬರೆದುಕೊಡುತ್ತಿದ್ದೆ.

2007ರ ಈಸ್ಟರ್ ರಜೆಗೆ ಉಪ್ಸಾಲಾದ ಸುದರ್ಶನ್, ಕಲ್ಲುಬಂಡೆಗಳ ಮೇಲೆ ಸಂಶೋಧನೆ ಮಾಡುವವನು, ನಮ್ಮ ಒಂಬತ್ತು ಜನರನ್ನು ಜೋರ್ಡಾನಿನ ಮರುಭೂಮಿಯ ಕಣಿವೆಗಳಿಗೆ ಹೊರಡಿಸಿದ. ಆರು ತಿಂಗಳು ಹಿಮ ತುಳಿದವರಿಗೆ ಬಿಸಿಲು ಅಂದರೆ ಸಾಕು. ಅವನ ನಿಯಮ ಒಂದೇ: ದಿನಕ್ಕೆ ತಲೆಗೆ ನಾಲ್ಕು ಲೀಟರ್ ನೀರು, ಅವರವರದು ಅವರವರೇ ಹೊರಬೇಕು. ನಾಲ್ಕು ಲೀಟರ್ ಅಂದರೆ ನಾಲ್ಕು ಕಿಲೋ. ತೂಕದ ಬೆಲೆ ಬಲ್ಲವನು ನಾನು. ಎರಡನೇ ದಿನ ಎರಡು ಲೀಟರನ್ನು ಸದ್ದಿಲ್ಲದೆ ಜೀಪಿನಲ್ಲೇ ಬಿಟ್ಟು, ಆ ಜಾಗಕ್ಕೆ ಚಕ್ಕುಲಿ ತುಂಬಿದೆ.

ಮಧ್ಯಾಹ್ನದ ಹೊತ್ತಿಗೆ ಇಕ್ಕಟ್ಟಾದ ಕಣಿವೆಯೊಳಗೆ ಬಂಡೆ ಕುಸಿದು ದಾರಿ ಮುಚ್ಚಿತ್ತು. ಗುಡ್ಡ ಹತ್ತಿ ಸುತ್ತಿ ಬರಬೇಕು, ಇನ್ನೂ ನಾಲ್ಕು ಗಂಟೆ ಅಂದ ಸುದರ್ಶನ್. ಎರಡೂ ಕಡೆ ಕೆಂಪು ಗೋಡೆ, ಒಲೆಯೊಳಗೆ ಕೂತ ಹಾಗೆ. ಮಿಕ್ಕವರು ತಿರುವು ದಾಟಿದರು. ನಿಧಾನದವನು ನಾನು, ನನ್ನ ಜೊತೆ ಹಿಂದೆ ಉಳಿದವನು ಅಶ್ವತ್ಥ.

“ಬರೀ ಬಾಟ್ಲಿ ಎಷ್ಟು ಸಲ ಅಲ್ಲಾಡಿಸ್ತೀರಿ ಶೆಟ್ರೇ? ಹಿಂಡಿದಷ್ಟೂ ಕರೆಯೋ ಹಸು ಅಲ್ಲ ಅದು.”

“ಚಕ್ಕುಲಿ ತಿಂದೆ ಮಾರಾಯಾ, ಬಾಯಾರಿತು.”

ತನ್ನ ಬಾಟಲಿ ತೆಗೆದ. ಎಂಜಲಾಗಬಾರದಲ್ಲ, ನಾನು ಬೊಗಸೆ ಒಡ್ಡಿದೆ, ಅವನು ಮೇಲಿಂದ ಸಣ್ಣ ಧಾರೆ ಬಿಟ್ಟ. ಒಂದು ಹನಿಯೂ ನೆಲಕ್ಕೆ ಬೀಳಲಿಲ್ಲ.

“ನಿನಗೆ?” ಅಂದೆ.

“ನನಗೆ ಬೇಡ. ಇವತ್ತು ಏಕಾದಶಿ, ಈಗಷ್ಟೇ ನೆನಪಾಯ್ತು.”

ಹುಣ್ಣಿಮೆ ಕಳೆದು ಐದು ದಿನವಾಗಿತ್ತಷ್ಟೆ. ಏಕಾದಶಿಗೆ ಇನ್ನೂ ಆರು ದಿನ. ಕೆಂಪು ಸುತ್ತು ಹಾಕಿದವನೇ ನಾನು. ಮುಂದಿನವರನ್ನು ಕೂಗಿದ್ದರೆ ನೀರು ಸಿಗುತ್ತಿತ್ತು; ಜೀಪಿನಲ್ಲಿ ಬಿಟ್ಟುಬಂದ ಬಾಟಲಿಗಳ ವಿಷಯವೂ ಎಲ್ಲರಿಗೂ ತಿಳಿಯುತ್ತಿತ್ತು.

“ಹೌದಲ್ಲ, ನಾನೂ ಮರೆತಿದ್ದೆ” ಎಂದು ಮತ್ತೆ ಬೊಗಸೆ ಒಡ್ಡಿದೆ.

ಆ ನಾಲ್ಕು ಗಂಟೆಯಲ್ಲಿ ಅವನ ಪಾಲಿಗೆ ಉಳಿದಿದ್ದ ಒಂದೂವರೆ ಲೀಟರೂ ನನ್ನ ಗಂಟಲಲ್ಲೇ ಇಳಿಯಿತು.

ಜೀಪು ಕಾಣುವಷ್ಟರಲ್ಲಿ ಅವನ ಕಾಲು ಸೆಟೆದುಕೊಂಡವು. ಆಮೇಲೆ ಕುಡಿಸಿದ್ದೆಲ್ಲ ವಾಂತಿಯಾಯಿತು. ‘ಉಪವಾಸ ಇದ್ದೆ’ ಎಂದು ಅವನೇ ಎಲ್ಲರಿಗೂ ಹೇಳಿದ. ಏಕಾದಶಿ ಯಾವತ್ತು ಎಂದು ಆ ಗುಂಪಿನಲ್ಲಿ ಗೊತ್ತಿದ್ದವರು ಯಾರು? ಸುಸ್ತಾದ ಕಿಡ್ನಿ ಮತ್ತೆ ಸುಧಾರಿಸಲಿಲ್ಲ. ಸ್ವೀಡನ್ನಿಗೆ ಮರಳಿದ ಮೇಲೆ ವಾರಕ್ಕೆ ಮೂರು ದಿನ ಡಯಾಲಿಸಿಸ್.

ವಸಂತಿಗೆ ಸುದ್ದಿ ಮುಟ್ಟಿದ್ದು ಒಂದು ವಾರದ ಮೇಲೆ, ನಿಜವಾದ ಏಕಾದಶಿಯ ಆಸುಪಾಸಿನಲ್ಲಿ. ಅವಳು ದಿನ ತಾಳೆ ನೋಡಲಿಲ್ಲ.

“ಅಣ್ಣನಿಗೆ ಅಲ್ಲಿ ಅಂಥಾ ವ್ರತ ಯಾಕೆ ಬೇಕಿತ್ತು ಶೆಟ್ರೇ? ನೀವಾದ್ರೂ ಬೇಡ ಅನ್ನಬಾರ್ದಿತ್ತಾ?” ಎಂದು ಫೋನಿನಲ್ಲಿ ಅತ್ತಳು.

“ಅಂದೆ ಕಣಮ್ಮಾ, ಕೇಳಲಿಲ್ಲ” ಅಂದೆ.

ಮೂರು ಲೀಟರ್ ಕುಡಿಯಬೇಕಾಗಿದ್ದವನಿಗೆ ಈಗ ದಿನಕ್ಕೆ ಮುಕ್ಕಾಲು ಲೀಟರಿನ ಮಿತಿ. ಜನವರಿಯಲ್ಲಿ ಹೊಸ ಕ್ಯಾಲೆಂಡರು ಹಿಡಿದು ಆಸ್ಪತ್ರೆಗೆ ಹೋದೆ. ಈ ಸಲ ಸುತ್ತು ಹಾಕಿರಲಿಲ್ಲ. ಮಲಗಿದಲ್ಲೇ ಹಾಳೆ ತಿರುವಿದ.

“ಹೋದ ವರ್ಷದ್ದರಲ್ಲಿ ಒಂದು ಏಕಾದಶಿ ಬಿಟ್ಟುಹೋಗಿತ್ತು ಶೆಟ್ರೇ.”

ನಾನು ಕಿಟಕಿಯ ಕಡೆ ನೋಡುತ್ತ, “ಪ್ರಿಂಟಿನವರ ತಪ್ಪು” ಅಂದೆ.

“ಇರ್ಲಿ ಬಿಡಿ. ಪುಕ್ಕಟೆ ಕ್ಯಾಲೆಂಡರ್ ತಾನೆ” ಎಂದು ನಕ್ಕ. ತುಟಿ ಒಡೆದಿತ್ತು. ನರ್ಸು ಬಂದು ಒದ್ದೆ ಹತ್ತಿಯಿಂದ ಅದನ್ನು ಒರೆಸಿದಳು.

2009ರ ಫೆಬ್ರವರಿಯಲ್ಲಿ ಹೋದ. ಮೂವತ್ತಾರು ವರ್ಷ.

ಅವನು ಕೊಟ್ಟ ಕಿಡ್ನಿಯಲ್ಲಿ ವಸಂತಿ ಚೆನ್ನಾಗಿದ್ದಾಳೆ. ಏಕಾದಶಿ ಬಂದಾಗಲೆಲ್ಲ ಆ ವ್ರತಕ್ಕೆ ಶಾಪ ಹಾಕುತ್ತಾಳಂತೆ. ಅವತ್ತು ಏಕಾದಶಿ ಇರಲಿಲ್ಲ ಎಂದು ನಾನು ಅವಳಿಗೆ ಹೇಳಬೇಕು, ಇನ್ನೂ ಹೇಳಿಲ್ಲ. ಅಶ್ವತ್ಥನಿಗೆ ನಾನು ಒಂದೂವರೆ ಲೀಟರ್ ನೀರು ಕೊಡಬೇಕು.