ಮಾದಪ್ಪನ ಪಾಲಿನ ಕೂದಲು

ಮೊನ್ನೆ ಒಂದು ದಿನ ಬೆಳಿಗ್ಗೆ ಸ್ನಾನ ಮುಗಿಸಿ ಕನ್ನಡಿ ಮುಂದೆ ನಿಂತು ತಲೆ ಬಾಚಿಕೊಂಡೆ. ಆಮೇಲೆ ಬಾಚಣಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಐವತ್ತು ದಾಟಿದ ಗಂಡಸರಲ್ಲಿ ಬಾಚಣಿಗೆಯನ್ನು ಎಕ್ಸ್‌ರೇ ಹಾಗೆ ಹಿಡಿದು ನೋಡುವವರು ಇನ್ನೂ ಕೆಲವರು ಇದ್ದಾರೆಂದು ನಂಬಿದ್ದೇನೆ. ನೀವೂ ಅವರಲ್ಲೊಬ್ಬರಾದರೆ ನನಗಷ್ಟು ಸಮಾಧಾನ. ಹಲ್ಲುಗಳ ನಡುವೆ ಸುತ್ತಿಕೊಂಡಿದ್ದ ಕೂದಲನ್ನು ಬಿಡಿಸಿ ಕಸದ ಬುಟ್ಟಿಗೆ ಹಾಕಬೇಕು, ಅಷ್ಟರಲ್ಲಿ ಹಿಂದಿನಿಂದ ಅವ್ವನ ದನಿ ಬಂತು.

"ಲೇ, ಬಿಸಾಕ್ಬ್ಯಾಡ ಕಣ್ಲಾ! ಅದು ನಿಂದಲ್ಲ, ಮಾದಪ್ಪಂದು."

ಮಾದಪ್ಪನೆಂದರೆ ಮಲೆ ಮಹದೇಶ್ವರ, ನಮ್ಮ ಮನೆದೇವರು. ನಾನು ಚಿಕ್ಕವನಿದ್ದಾಗ ನನ್ನ ತಲೆಯ ಕೂದಲನ್ನು ಅವನ ಬೆಟ್ಟದಲ್ಲಿ ಮುಡಿ ಕೊಡಿಸುತ್ತೇನೆಂದು ಅವ್ವ ಹರಕೆ ಹೊತ್ತಿದ್ದಳು. ಆ ಹರಕೆ ಇವತ್ತಿಗೂ ತೀರಿಲ್ಲ. ನಾನು ಕ್ಷೌರ ಮಾಡಿಸಿಕೊಂಡು ಬಂದಾಗಲೆಲ್ಲ ಅವ್ವ ದೇವರ ಪಟದ ಮುಂದೆ ನಿಂತು ಕೆನ್ನೆ ಬಡಿದುಕೊಂಡು, "ತಪ್ಪಾಯ್ತು ಕಣಪ್ಪ, ಮುಂದಿನ ಸರ್ತಿ" ಎನ್ನುತ್ತಾಳೆ. ಕೋರ್ಟಿನಲ್ಲಿ ವಾಯಿದೆ ಕೇಳುವ ವಕೀಲರೂ ಇಷ್ಟು ವಿನಯದಿಂದ ಕೇಳಲಾರರು. ಮಾದಪ್ಪನೂ ಇಷ್ಟು ವರ್ಷ ಕೊಡುತ್ತಲೇ ಬಂದಿದ್ದಾನೆ.

ಆದರೆ ಈಗ ತುರ್ತು ಬಂದಿದೆ. "ನಂಗೆ ಮಂಡಿ ಓಯ್ತಾ ಅದೆ, ನಿಂಗೆ ಮಂಡೆ ಓಯ್ತಾ ಅದೆ. ಯಾವ್ದು ಮೊದ್ಲು ಮುಗ್ದೋಯ್ತದೋ ಯಾರ್ ಕಂಡವ್ರು?" ಎಂದಳು ಅವ್ವ. ನಮ್ಮ ಬೀದಿಯ ಕ್ಷೌರದಂಗಡಿಯವನೂ ಅವ್ವನ ಪಕ್ಷವೇ. ಕತ್ತರಿ ಎಲ್ಲಿಂದ ಶುರು ಮಾಡುವುದೆಂದು ಹುಡುಕುತ್ತಾ, "ಈ ವರ್ಸ ಓದ್ರೆ ಮುಡಿ ಸಾರ್. ಮುಂದಿನ್ ವರ್ಸ ಆದ್ರೆ ಬರೀ ಕೈ ಮುಗ್ಕೊಂಡು ಬನ್ನಿ" ಎಂದುಬಿಟ್ಟ.

ಸರಿ, ಹೊರಡುವುದೆಂದಾಯಿತು. ನನ್ನಂಥವನು ಹೊರಡುವುದೆಂದರೆ ಏನೆಂದು ನಿಮಗೆ ಗೊತ್ತಿಲ್ಲ. ಮಂಡ್ಯದಿಂದ ನೇರ ಮಳವಳ್ಳಿಗೋ, ಮದ್ದೂರಿನ ಮೇಲೆ ಬಳಸಿಕೊಂಡೋ? ಬಸ್ಸೋ, ಬಾಡಿಗೆ ಕಾರೋ? ಸೋಮವಾರ ಜನ ಜಾಸ್ತಿ, ಅಮಾವಾಸ್ಯೆಗೆ ಇನ್ನೂ ಜಾಸ್ತಿ. ಜನವೇ ಇಲ್ಲದ ದಿನ ಹೋದರೆ ಕಾಡಿನ ರಸ್ತೆಯಲ್ಲಿ ಆನೆ. ಅವ್ವನ ಮಾತ್ರೆ, ನನ್ನ ಮಾತ್ರೆ, ಮಾತ್ರೆ ಕಳೆದುಹೋದರೆ ಇರಲೆಂದು ಇನ್ನೊಂದು ಜೊತೆ ಮಾತ್ರೆ. ಬೋಳಾದ ಮೇಲೆ ಬಿಸಿಲಿಗೆ ಟೋಪಿ. ನನ್ನ ಹೆಂಡತಿ ಇಷ್ಟನ್ನೂ ಕೇಳಿಸಿಕೊಂಡು, "ರೀ, ಹೋಗ್ತಿರೋದು ಯಾತ್ರೆಗೆ, ದಂಡಯಾತ್ರೆಗಲ್ಲ" ಎಂದು ಎದ್ದುಹೋದಳು.

ಇಷ್ಟೆಲ್ಲದರ ನಡುವೆ ನನ್ನನ್ನು ಕೊರೆಯುತ್ತಿದ್ದದ್ದು ಬೇರೆಯೇ ಒಂದು ಪ್ರಶ್ನೆ: ಹರಕೆ ಹೊತ್ತದ್ದಾದರೂ ಯಾತಕ್ಕೆ? ಜ್ವರ ಬಂದಿತ್ತೇ? ನಾಲೆಗೆ ಬಿದ್ದಿದ್ದೆನೇ? ಕೇಳಿದಾಗಲೆಲ್ಲ ಅವ್ವನದು ಒಂದೇ ಉತ್ತರ: "ಮೊದ್ಲು ಮುಡಿ ಕೊಡು, ಆಮ್ಯಾಕೆ ಯೋಳ್ತೀನಿ." ಯಾವ ಕಾಯಿಲೆಯಿಂದ ಬದುಕಿಕೊಂಡೆನೆಂದು ತಿಳಿಯದ ಮನುಷ್ಯನ ಕಷ್ಟ ಯೋಚಿಸಿ. ಅದು ಮರುಕಳಿಸಿದರೆ ಡಾಕ್ಟರಿಗೆ ಏನೆಂದು ಹೇಳುವುದು?

ಮಳವಳ್ಳಿಯ ಹೆಸರು ಬಂದಾಗ ನನಗೆ ಬೆಟ್ಟಕ್ಕಿಂತ ಮೊದಲು ನೆನಪಾಗುವುದು ಹುಳಿಯನ್ನ. ನನ್ನ ಬಾಲ್ಯದ ಮೊಟ್ಟಮೊದಲ ನೆನಪೇ ಅದು. ಆಗ ನಾವು ಮಂಡ್ಯದ ಹತ್ತಿರದ ಹೊಳಲಿನಲ್ಲಿದ್ದೆವು. ಅಪ್ಪ, ಅವ್ವ, ನಾನು ಮಳವಳ್ಳಿ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಿದ್ದೇವೆ. ಬಾಳೆಲೆ ಬಿಚ್ಚಿದೆ. ಬಾಡಿದ ಎಲೆಯ ವಾಸನೆಯೂ ಹುಣಿಸೆಯ ವಾಸನೆಯೂ ಬೆರೆತಿವೆ. ಅವ್ವ ತುತ್ತು ಕೊಡುತ್ತಿದ್ದಾಳೆ, ಅಪರೂಪಕ್ಕೆ ಮಾತಾಡುವ ಅಪ್ಪ ನಗುತ್ತಿದ್ದಾನೆ. ಬಸ್ಸುಗಳು ಬರುತ್ತವೆ, ಹೋಗುತ್ತವೆ. ಆಮೇಲೆ ನಾವು ಊರಿಗೆ ವಾಪಸು ಬರುತ್ತೇವೆ. ಹೊಳಲಿನಿಂದ ಮಂಡ್ಯಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ಮಳವಳ್ಳಿಗೆ ಹೋಗಿ, ಬುತ್ತಿ ತಿಂದು ವಾಪಸಾಗುವುದು ಎಂಥ ಪ್ರವಾಸ! ದೊಡ್ಡವನಾದ ಮೇಲೆ ಅದನ್ನು ಕನಸೆಂದೇ ಅಂದುಕೊಂಡಿದ್ದೆ.

ಭಾನುವಾರ ಸಂಜೆ ಅವ್ವ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ನಾನು ಎದುರಿಗೆ ಕೂತು ಬೆಟ್ಟದ ತಿರುವುಗಳ ಕುರಿತು ಶುರು ಮಾಡಿದೆ. "ಅಲ್ಲ ಅವ್ವ, ಅಷ್ಟೊಂದು ತಿರುವು. ಬ್ರೇಕು ಹಿಡೀಲಿಲ್ಲ ಅಂದ್ರೆ? ಡ್ರೈವರು ರಾತ್ರಿ ನಿದ್ದೆ ಮಾಡಿದ್ನೋ ಇಲ್ವೋ ನಮಗೇನು ಗೊತ್ತು? ಎದುರಿಂದ ಇನ್ನೊಂದು ಬಸ್ಸು ಬಂದ್ರೆ ಯಾರು ಹಿಂದಕ್ಕೆ ಹೋಗಬೇಕು? ಹಿಂದಕ್ಕೆ ಹೋಗುವಾಗ..."

ಅವ್ವನ ಕೈ ನಿಂತಿತು. ಮೊದಲು ಭುಜ ಕುಲುಕಿತು, ಆಮೇಲೆ ಮೊರ ಕುಲುಕಿತು, ಕಾಳು ಚೆಲ್ಲಿತು. ಅವ್ವ ನಗುತ್ತಿದ್ದಳು.

"ಅದೇ ಕಣ್ಲಾ! ಅದೇ ಮಾತು! ಬ್ರೇಕಂತೆ, ನಿದ್ದೆಯಂತೆ! ಐದ್ ವರ್ಸದ ಕೂಸು ಯೋಳಿದ್ದೂ ಇದೇಯ!"

"ಯಾವ ಕೂಸು?"

"ಇನ್ಯಾವ್ದು? ನೀನೇ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿಂಗೆ ಮಾತು ಬಂದಿರ್ನಿಲ್ಲ ಕಣ್ ಮಗ. ನಾಕು ತುಂಬಿದ್ರೂವೆ ಬಾಯಿ ಬುಡ್ನಿಲ್ಲ. ಕೂಸು ಮೂಗ ಅಂತ ನೆಂಟ್ರೆಲ್ಲ ಅಂದ್ರು. ಅಪ್ಪಾ ಮಾದಪ್ಪ, ನನ್ ಮಗಂಗೆ ಮಾತು ಕೊಡು, ಅವನ ತಲೆಕೂದ್ಲು ನಿನ್ ಪಾದಕ್ಕೆ ಅಂತ ಅರಕೆ ಕಟ್ಕೊಂಡೆ. ಆಮ್ಯಾಕೆ ಅವ್ವ ಅಂದೆ, ನೀರು ಅಂದೆ. ಅಷ್ಟೇಯ. ಅಷ್ಟು ಸಾಕು ಅಂತ ಮುಡಿ ಕೊಡ್ಸಕ್ಕೆ ಒಂಟೋ. ಮಳವಳ್ಳೀಲಿ ಬೆಟ್ಟದ ಬಸ್ಸು ಬಂದು ನಿಂತ್ಕತು. ಅದ ನೋಡಿ ಸುರು ಮಾಡ್ದೆ ನೋಡು! ಬಸ್ಸು ಬಿದ್ದೋದ್ರೆ? ಡ್ರೈವರು ಮಲೀಕಂಡ್ರೆ? ಬಾಯ್ ಮುಚ್ಚನೇ ಇಲ್ಲ. ನಿಮ್ಮಪ್ಪ ಅಲ್ಲೇ ಕಲ್ ಮ್ಯಾಲೆ ಕುಂತ್ಕಬುಟ್ರು. ಇನ್ನೊಂದ್ ಮಾತಾಡ್ಲಾ ಮಗ, ಇನ್ನೊಂದ್ ಮಾತಾಡು ಅಂತ ಅವ್ರು, ತುತ್ತು ಇಕ್ಕತಾ ನಾನು. ಆವತ್ತಿಗಿದ್ದ ಒಂದೇ ಬಸ್ಸು ಓದದ್ದೇ ಗೊತ್ತಾಗ್ನಿಲ್ಲ."

"ಆಮೇಲೆ ಹೋಗಬಹುದಿತ್ತಲ್ಲ, ಅವ್ವ?"

"ಪ್ರತಿ ವರ್ಸ ಬೆಟ್ಟಕ್ಕೆ ಅಂತ ಒಂಡಾದು, ಪ್ರತಿ ವರ್ಸ ನೀನು 'ಆದ್ರೆ' ಅನ್ನಾದು. ಯೋಳ್ಬುಡಾನ ಅಂದ್ರೆ, ಮೂಗ ಅಂದಿದ್ದು ಅವನ ಕಿವಿಗೆ ಬೀಳಬಾರ್ದು ಅಂತ ನಿಮ್ಮಪ್ಪ ಆಣೆ ಆಕ್ಸಿದ್ರು. ಮುಡಿ ಒಪ್ಪಿಸೋಗಂಟ ಸುಮ್ಕಿರು ಅಂತಿದ್ರು. ಇವತ್ತು ತಡೀನಾರ್ದೆ ಅಂದ್ಬುಟ್ಟೆ, ಬುಡು."

ನಾನು ನೆಲಕ್ಕೆ ಚೆಲ್ಲಿದ ಕಾಳನ್ನು ಆರಿಸತೊಡಗಿದೆ. ಮನೆಯಲ್ಲಿ, ಆಫೀಸಿನಲ್ಲಿ, ಸುತ್ತಲಿನವರಿಗೆಲ್ಲ ತಲೆನೋವಾಗಿರುವ ನನ್ನ ಈ ಬಾಯಿ ಬೇಡಿ ಪಡೆದದ್ದು. ದೇವರಿಗೆ ಕೇಳಿಸಿತು, ಒಂದಿಷ್ಟು ಹೆಚ್ಚೇ ಕೇಳಿಸಿತೆಂದು ಕಾಣುತ್ತದೆ. ನಾನು ಬದುಕಿನುದ್ದಕ್ಕೂ ನಾಚಿಕೆಪಟ್ಟ ದಿಗಿಲನ್ನು, ಒಂದು ದಿನ ಇಬ್ಬರು ಬಸ್ಸು ಬಿಟ್ಟು ಕೂತು, ಇನ್ನೊಂದು, ಇನ್ನೊಂದು ಎಂದು ಕೇಳಿಸಿಕೊಂಡಿದ್ದರು.

ನಾಳೆ ಬೆಳಿಗ್ಗೆ ಹೊರಡುತ್ತಿದ್ದೇವೆ. ಕಾರು ಬೇಡವೆಂದು ನಾನೇ ಹೇಳಿದೆ. ಬಸ್ಸಿನಲ್ಲೇ ಹೋಗುವುದು, ಅವ್ವನಿಗೆ ಕಿಟಕಿ ಪಕ್ಕದ ಸೀಟು. ಬಾಚಣಿಗೆಯ ಕೂದಲನ್ನು ಈಗ ಬೆಳಕಿಗೆ ಹಿಡಿದು ನೋಡುವುದಿಲ್ಲ. ಅವ್ವನ ಕೈಗೆ ಕೊಡುತ್ತೇನೆ, ಅವಳು ಅರಿಸಿನದ ಬಟ್ಟೆಯಲ್ಲಿ ಕಟ್ಟಿಡುತ್ತಾಳೆ. ಒಳಗೆ ಹೆಂಡತಿ ಹುಳಿಯನ್ನಕ್ಕೆ ಒಗ್ಗರಣೆ ಹಾಕಿದ್ದಾಳೆ. ಆ ಘಮಕ್ಕೆ ಕಲ್ಲುಬೆಂಚು ತಾನಾಗಿಯೇ ಕಣ್ಮುಂದೆ ಬಂತು.

"ಅವ್ವ, ಮಳವಳ್ಳಿ ಬಸ್ ಸ್ಟ್ಯಾಂಡಲ್ಲೇ ಬುತ್ತಿ ಬಿಚ್ಚೋಣವಾ?" ಎಂದೆ.

ಅವ್ವ ನನ್ನ ತಲೆಯನ್ನು, ಅಂದರೆ ಮಾದಪ್ಪನ ಪಾಲಿನಲ್ಲಿ ಉಳಿದಿರುವುದನ್ನು, ಒಮ್ಮೆ ಸವರಿ ನೋಡಿದಳು.

"ಬಿಚ್ಚಾನ ಬುಡು. ಆದ್ರೆ ನೀನು ತುತ್ತು ನುಂಗ್ಕೊಂಡು ಸುಮ್ಕಿರ್ಬೇಕು. ಮಾತಾಡಕ್ಕೆ ಸುರು ಮಾಡ್ದೆ ಅಂದ್ರೆ, ಕೇಳ್ತಾ ಕುಂತು ನಾನು ಇನ್ನೊಂದ್ ಸರ್ತಿ ಬಸ್ಸು ಬುಟ್ಬುಡ್ತೀನಿ."