ಗೋಡೆಯ ಮೇಲಿನ ಡಬ್ಬಿ

ನಾನು ಬರೆಯುವುದು ಮನೆಮಂದಿಯ ಕತೆಗಳನ್ನು. ಅತ್ತೆ-ಸೊಸೆ, ಅಕ್ಕ-ತಂಗಿ, ಗಂಡ-ಹೆಂಡತಿ, ಅಷ್ಟೇ. ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯಲ್ಲಿ ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು, ಊಟದ ಟೇಬಲಿನ ಮೇಲೆಯೇ ಬರೆಯಲು ಕೂರುತ್ತೇನೆ. "ಎಲ್ಲಿಂದ ಹೊಳಿತಾವ್ರೀ ನಿಮಗ ಇವೆಲ್ಲ?" ಎಂದು ಯಾರಾದರೂ ಕೇಳಿದರೆ ಏನೇನೋ ದೊಡ್ಡ ಮಾತಾಡುತ್ತಿದ್ದೆ. ನಿಜ ಹೇಳಬೇಕೆಂದರೆ ಅರ್ಧ ಕತೆಗಳು ಕಮಲಾಪುರದ ನನ್ನ ಅಕ್ಕನ ಮನೆಯಿಂದ ಕದ್ದವು.

ಅಕ್ಕನಿಗೂ ಅವಳ ನೆಗೆಣ್ಣಿಗೂ, ಅಂದರೆ ಮೈದುನನ ಹೆಂಡತಿಗೂ, ಹನ್ನೊಂದು ವರ್ಷ ಮಾತಿರಲಿಲ್ಲ. ನಳದ ನೀರಿನ ಪಾಳಿಗೆ ಹತ್ತಿದ ಜಗಳ. ಇಬ್ಬರ ಅಂಗಳದ ನಡುವೆ ಎದೆಮಟ್ಟದ ಗೋಡೆ. ಜಗಳವಾದಾಗ ಒಂದು ಸ್ಟೀಲ್ ಡಬ್ಬಿ ಅಕ್ಕನ ಹತ್ತಿರ ಉಳಿದಿತ್ತು. ಮೇಲೆ ಹೆಸರು ಕೊರೆಸಿರಲಿಲ್ಲ. ಅಕ್ಕ ಅದು ನೆಗೆಣ್ಣಿಯದೆಂದುಕೊಂಡಳು, ನೆಗೆಣ್ಣಿ ಅಕ್ಕನದೆಂದುಕೊಂಡಳು. ಕೇಳೋಣವೆಂದರೆ ಮಾತಿಲ್ಲ. ನಮ್ಮ ಕಡೆ ಯಾರ ಡಬ್ಬಿಯನ್ನೂ ಬರಿದಾಗಿ ತಿರುಗಿಸುವುದಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ಅಕ್ಕ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ತುಂಬಿ ಗೋಡೆಯ ಮೇಲಿಟ್ಟಳು. ಎರಡು ದಿನಕ್ಕೆ ಡಬ್ಬಿ ಹುಳಿಸೊಪ್ಪಿನ ಪುಂಡಿಪಲ್ಯ ತುಂಬಿಕೊಂಡು ಗೋಡೆಗೆ ಬಂತು. ಹನ್ನೊಂದು ವರ್ಷ ಅದು ಹೀಗೇ ಓಡಾಡಿತು.

ಇದನ್ನು ಬಿಡುವುದುಂಟೇ? ಹೆಸರು ಬದಲಿಸಿ ಕತೆ ಮಾಡಿದೆ. ಕೊನೆ ಸಪ್ಪೆ ಎನಿಸಿತು. ಅದಕ್ಕೆ, ದೊಡ್ಡವಳು, ಅಂದರೆ ಅಕ್ಕನ ಪಾತ್ರ, ಬಂದ ಪುಂಡಿಪಲ್ಯವನ್ನು ಪ್ರತಿಸಲವೂ ಎಮ್ಮೆಗೆ ಹಾಕುತ್ತಿದ್ದಳೆಂದು ಸೇರಿಸಿದೆ. ಕತೆ ಪತ್ರಿಕೆಯಲ್ಲಿ ಬಂತು. ನನಗೋ ಹಿಗ್ಗು, ಫೋಟೋ ತೆಗೆದು ನೆಂಟರಿಷ್ಟರ ವಾಟ್ಸಾಪ್ ಗುಂಪಿಗೆ ಹಾಕಿದೆ. ಅದರಲ್ಲಿ ನೆಗೆಣ್ಣಿಯೂ ಇದ್ದಾಳೆಂಬುದು ನೆನಪೇ ಆಗಲಿಲ್ಲ. ಎಂಥ ಬುದ್ಧಿಗೇಡಿ ನಾನು!

ಎಂಟು ದಿನಕ್ಕೆ ಅಕ್ಕನ ಫೋನ್ ಬಂತು. "ಡಬ್ಬಿ ಬರಿದಾ ಬಂದದ," ಎಂದಳು. ಮುಂದೆ ಬರೀ ಅಳು. ಮರುದಿನ ಬೆಳಿಗ್ಗೆಯೇ ಕಮಲಾಪುರದ ಬಸ್ಸು ಹತ್ತಿದೆ.

ಅಕ್ಕ ನೀರು ಬೇಕೇನೆಂದು ಕೂಡ ಕೇಳಲಿಲ್ಲ. ಡಬ್ಬಿ ತಂದು ನನ್ನ ಕೈಗಿಟ್ಟಳು. "ಎಮ್ಮಿಗೆ ಹಾಕೋದು ನೀ ಯಾವಾಗ ನೋಡಿದ್ದಿ? ಆಕಿಗೆ ಹೋಗಿ ಹೇಳು. ಹೇಳೋತನಕ ನನ್ನ ಮನಿ ಹೊಸ್ತಿಲ ದಾಟಬ್ಯಾಡ."

ನೆಗೆಣ್ಣಿ ತನ್ನ ಅಂಗಳದಲ್ಲಿ ಪುಂಡಿಸೊಪ್ಪು ಬಿಡಿಸುತ್ತಿದ್ದಳು. "ಆ ಎಮ್ಮಿ ಮಾತು ಸುಳ್ಳವಾ, ನಾನೇ ಕಟ್ಟಿದ್ದು," ಎಂದೆ.

ಅವಳು ತಲೆಯೆತ್ತಲಿಲ್ಲ. "ನಳದ ಜಗಳ ಖರೇ ಬರ್ದೀರಿ. ಡಬ್ಬಿ ಖರೇ. ಅಕ್ಕನ ಕಂಡ್ರ ನಾ ಮಾರಿ ತಿರುವೋದೂ ಖರೇ. ಎಮ್ಮಿ ಒಂದೇ ಸುಳ್ಳಂದ್ರ ಹ್ಯಾಂಗ ನಂಬಬೇಕ್ರೀ?"

ಓದಿದವರು ನಂಬಬೇಕೆಂದೇ ಇಷ್ಟು ವರ್ಷ ಬರೆದವಳು ನಾನು. ಇವಳು ನಂಬಿದ್ದಳು. ನಾಚಿಕೆಯಿಂದ ಸತ್ತೇಹೋದೆ.

ಆಗ ಗೋಡೆಯಾಚೆಯಿಂದ ಅಕ್ಕನ ದನಿ ಕೇಳಿತು. ನನಗಲ್ಲ, ಅವಳಿಗೆ. "ಎಮ್ಮಿಗೆ ಹಾಕಿಲ್ಲ. ಎಲ್ಲಾ ನಾನೇ ತಿಂದೀನಿ. ಮನಿಯಾಗ ಒಬ್ಬರಿಗೂ ಕೊಟ್ಟಿಲ್ಲ."

ಹನ್ನೊಂದು ವರ್ಷದಲ್ಲಿ ಅದು ಮೊದಲ ಮಾತು. ನೆಗೆಣ್ಣಿಯ ಕೈ ಸೊಪ್ಪಿನ ಮೇಲೆ ನಿಂತಿತು. ಎದ್ದು ನನ್ನ ಕೈಯಿಂದ ಡಬ್ಬಿ ಇಸಿದುಕೊಂಡು ಒಳಗೆ ಹೋದಳು. ಒಲೆಯ ಮೇಲಿನ ಗಡಿಗೆಗೆ ಸೌಟು ತಾಗಿದ ಸದ್ದಾಯಿತು. ಹೊರಗೆ ಬಂದವಳು ನನ್ನನ್ನು ದಾಟಿ ಗೋಡೆಯ ಹತ್ತಿರ ಹೋದಳು. ಡಬ್ಬಿಯನ್ನು ಗೋಡೆಯ ಮೇಲೆ ಇಡಲಿಲ್ಲ. ಅಕ್ಕನ ಕೈ ಬರುವ ತನಕ ಹಿಡಿದುಕೊಂಡೇ ನಿಂತಳು.

"ಬಿಸಿ ಅದ, ಅಕ್ಕಾ," ಎಂದಳು. "ಸೆರಗಿಲೆ ಹಿಡಿ."