ಚೆಂಡು ಮಲಗುತ್ತಿದ್ದ ಮನೆ

ಹಾಸನದ ಬಸ್ ನಿಲ್ದಾಣದ ಹಿಂದಿನ ಬೇವಿನ ಮರದ ಕೆಳಗೆ ಚಪ್ಪಲಿ ಹೊಲಿಯುವವರೊಬ್ಬರು ಕೂರುತ್ತಾರೆ. ಮೊನ್ನೆ ಕಿತ್ತುಹೋದ ಉಂಗುಷ್ಟ ಹಾಕಿಸಿಕೊಳ್ಳಲು ಅವರ ಮುಂದೆ ನಿಂತಿದ್ದೆ. ಅವರು ಯಾರದೋ ಹಳೆಯ ತೊಗಲಿನ ಚೀಲಕ್ಕೆ ಬಟ್ಟೆ ಚೂರಿನಿಂದ ಹರಳೆಣ್ಣೆ ಸವರುತ್ತಿದ್ದರು. ಬಿಸಿಲಿಗೆ ಕಾದ ತೊಗಲು, ಅದರ ಮೇಲೆ ಎಣ್ಣೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟೆ. "ಯಾಕಮ್ಮ, ತಲೆ ಸುತ್ತು ಬಂತಾ?" ಎಂದು ಅವರು ಗಾಬರಿಯಾದರು. ಇಲ್ಲಪ್ಪ, ಮನೆ ನೆನಪಾಯಿತು ಅಂದೆ. ಇಂಥ ವಾಸನೆಗೆ ಯಾರ ಮನೆ ನೆನಪಾಗುತ್ತದೆ ಎಂದು ಅವರು ಅಂದುಕೊಂಡಿರಬೇಕು. ಆ ಮನೆ ಈಗಿಲ್ಲ. ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಅದಿದ್ದ ಜಾಗದಲ್ಲಿ ಮೂರಂತಸ್ತಿನ ಬಟ್ಟೆ ಅಂಗಡಿ ಎದ್ದಿದೆ. ಮನೆ ಹೋದರೂ ವಾಸನೆ ಉಳಿಯುತ್ತದೆ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ದೇಶದ ಫುಟ್‌ಬಾಲ್ ಟೀಮಿಗೆ ಮತ್ತೊಬ್ಬ ಹೊಸ ಮ್ಯಾನೇಜರ್ ಬಂದನೆಂದು ಟಿವಿಯಲ್ಲಿ ಹೇಳಿದಾಗಲೆಲ್ಲ ನಮ್ಮ ಮನೆಯ ಹುಡುಗರು ಜಗಳಕ್ಕೆ ಬೀಳುತ್ತಾರೆ. ನಾನು ನಗುತ್ತೇನೆ. ಮ್ಯಾನೇಜರುಗಳು ಬರುವುದನ್ನೂ ಹೋಗುವುದನ್ನೂ ನಾನು ಇವರಿಗಿಂತ ಹತ್ತಿರದಿಂದ ಕಂಡವಳು. ನಮಗೆ ಆಗ ದೇಶವೆಂದರೆ ಹೊಳೆನರಸೀಪುರ. ಅರಕಲಗೂಡು, ಚನ್ನರಾಯಪಟ್ಟಣ ಪರದೇಶಗಳು. ಹಾಸನವಂತೂ ದೊಡ್ಡ ಸಾಮ್ರಾಜ್ಯ, ಕಚೇರಿಗಳ ಊರು, ಅಲ್ಲಿಯ ಹುಡುಗರಿಗೆ ಒಂದೇ ಬಣ್ಣದ ಅಂಗಿಗಳಿದ್ದವು. ನಮ್ಮವರು ಬರಿಗಾಲಲ್ಲಿ, ಅವರವರ ಅಂಗಿಯಲ್ಲೇ ಆಡುತ್ತಿದ್ದರು. ಊರಿಗೆಲ್ಲ ತೊಗಲಿನ ಚೆಂಡು ಒಂದೇ. ಹಾಗಾಗಿ ಯಾರೂ ಬರೆದಿಡದ ಒಂದು ಕಟ್ಟಳೆ ನಮ್ಮಲ್ಲಿತ್ತು: ಚೆಂಡು ರಾತ್ರಿ ಯಾರ ಮನೆಯಲ್ಲಿ ಮಲಗುತ್ತದೋ ಅವರೇ ಟೀಮಿನ ಮ್ಯಾನೇಜರು. ಮ್ಯಾನೇಜರು ಬೇಡವಾದರೆ ಸಭೆಯಿಲ್ಲ, ಮಾತಿಲ್ಲ. ಕ್ಯಾಪ್ಟನ್ ಆದವನು ದೀಪ ಹಚ್ಚುವ ಹೊತ್ತಿಗೆ ಬಂದು ಚೆಂಡನ್ನು ಎತ್ತಿಕೊಂಡು ಬೇರೆ ಮನೆಗೆ ಹೋಗುತ್ತಿದ್ದ, ಅಷ್ಟೆ. ನನಗೆ ಬುದ್ಧಿ ಬಂದಾಗ ಆ ಚೆಂಡು ನಮ್ಮ ಮನೆಯಲ್ಲಿ ಮಲಗುತ್ತಿತ್ತು.

ನಮ್ಮ ತಾತನದು ಕೊಬ್ಬರಿ ಮಂಡಿ. ಎತ್ತರದ ಆಳು, ಹಣೆ ತುಂಬ ವಿಭೂತಿ, ಮಾತು ಮಾತ್ರ ಮೆತ್ತಗೆ. ಅಜ್ಜಿ ಶುಚಿಯಲ್ಲಿ ಕಟ್ಟುನಿಟ್ಟು. "ತೊಗಲು ಹೊಸ್ತಿಲು ದಾಟಂಗಿಲ್ಲ" ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದಳಂತೆ. ಅದಕ್ಕೆ ತಾತ ಜಗಲಿಯ ಕಂಬಕ್ಕೆ ಒಂದು ಗೂಟ ಹೊಡೆಸಿ ಚೆಂಡನ್ನು ಬಲೆಚೀಲದಲ್ಲಿ ಅಲ್ಲಿ ತೂಗುಹಾಕಿದ್ದರು. ಅದಕ್ಕೆ ಎಣ್ಣೆ ಹಚ್ಚುವುದು ನನ್ನ ಪಾಲಿನ ಕೆಲಸ. ಲಂಗ ಹಾಳಾಗದಂತೆ ಗೋಣಿತಾಟು ಹಾಸಿಕೊಂಡು, ಚೆಂಡನ್ನು ಮಡಿಲಲ್ಲಿಟ್ಟುಕೊಂಡು, ಹೊಲಿಗೆಯ ಸಂದಿಯಲ್ಲೆಲ್ಲ ಹರಳೆಣ್ಣೆ ತಿಕ್ಕುತ್ತಿದ್ದೆ. ಒಳಗಿನಿಂದ ತುಪ್ಪ ಕಾಯುವ ಘಮ, ಮಂಡಿಯ ಕಡೆಯಿಂದ ಕೊಬ್ಬರಿಯ ಕಮಟು, ಮಡಿಲಲ್ಲಿ ಈ ತೊಗಲು. ನನ್ನ ಬಾಲ್ಯದ ವಾಸನೆ ಏನೆಂದು ಯಾರಾದರೂ ಕೇಳಿದರೆ ನಾನು ಹೇಳುವುದು ಈ ಮೂರನ್ನೇ.

ಮ್ಯಾನೇಜರಿಕೆ ಎಂದರೆ ತಾತನ ಲೆಕ್ಕದಲ್ಲಿ ಊಟ ಹಾಕಿಸುವುದು. ಅವರು ಚಿಕ್ಕವರಿದ್ದಾಗ ದಂಡಿಗನಹಳ್ಳಿ ಕಡೆಯಿಂದ ನಡೆದು ಹಸಿದುಕೊಂಡು ಈ ಊರಿಗೆ ಬಂದವರು. ಯಾರೋ ಒಬ್ಬ ತಾಯಿ ಕರೆದು ಮುದ್ದೆ ಹಾಕಿದ್ದಳಂತೆ, ಆ ಮುದ್ದೆ ಹೊಟ್ಟೆಗೆ ಬಿದ್ದ ಮೇಲೆ ಪ್ರಪಂಚವನ್ನೇ ಎತ್ತಿಬಿಡುವ ಶಕ್ತಿ ಬಂತು ಎಂದು ಅವರು ನೂರು ಸಲ ಹೇಳಿದ್ದರು. ಹಾಗಾಗಿ ಆಟದ ದಿನ ಮಧ್ಯಾಹ್ನ ನಮ್ಮ ಜಗಲಿಯ ಮೇಲೆ ಟೀಮಿಗೆಲ್ಲ ಎಲೆ ಹಾಕುತ್ತಿದ್ದರು. ಎಲ್ಲ ಜಾತಿಯವರನ್ನೂ ಒಳಗಿನ ಪಡಸಾಲೆಗೆ ಕರೆದು ಕೂರಿಸುವ ಕಾಲವಲ್ಲ ಅದು. ತಾತ ಅದಕ್ಕೆ ತಾವೇ ಹೊರಗೆ ಬಂದು ಹುಡುಗರ ಸಾಲಿನ ಕೊನೆಯಲ್ಲಿ ಕೂತು ಉಣ್ಣುತ್ತಿದ್ದರು. ಊಟವೆಂದರೆ ಒಬ್ಬಟ್ಟು, ಮೇಲೆ ಮಿಳ್ಳೆಯಿಂದ ಸುರಿಯುವ ತುಪ್ಪ. ಸಾಕೆಂದು ಹುಡುಗರು ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ತಾತ ಬಿಡುತ್ತಿರಲಿಲ್ಲ. "ಕೈ ತೆಗೀಲಾ, ಸಂಜೆಗೆ ಆಟ ಐತೆ" ಎಂದು ಇನ್ನೊಂದು ಹಾಕಿಸುತ್ತಿದ್ದರು. ಯಜಮಾನರ ಮಾತು ಮೀರುವ ಧೈರ್ಯ ಯಾರಿಗೂ ಇರಲಿಲ್ಲ. ಕೈ ತೆಗೆಯುತ್ತಿದ್ದರು, ತಿನ್ನುತ್ತಿದ್ದರು, ಸಂಜೆ ಹೊಳೆ ದಂಡೆಯ ಬಯಲಿಗೆ ಹೋಗಿ ಸೋಲುತ್ತಿದ್ದರು.

ಚನ್ನರಾಯಪಟ್ಟಣದವರು ಬಂದಿದ್ದ ದಿನ ನನಗೆ ಚೆನ್ನಾಗಿ ನೆನಪಿದೆ. ನಮ್ಮ ಚಿಕ್ಕಪ್ಪ, ಅಂದರೆ ತಾತನ ಕಿರಿಯ ಮಗ ಬಸವರಾಜು, ಟೀಮಿನ ಕ್ಯಾಪ್ಟನ್ನೂ ಹೌದು, ಗೋಲು ಕಾಯುವವನೂ ಹೌದು. ಅವನ ಮುಂದೆ ಕಾವಲಿಗೆ ನಿಲ್ಲುತ್ತಿದ್ದವನು ರಂಗೇಗೌಡ, ಗಾಡಿಯ ನೊಗವನ್ನು ಒಂದೇ ಕೈಯಲ್ಲಿ ಎತ್ತುವಂಥ ಆಳು. ಆ ಸಂಜೆ ಪಟ್ಟಣದ ಒಬ್ಬ ಪೀಚಲು ಹುಡುಗ ಚೆಂಡು ತಳ್ಳಿಕೊಂಡು ರಂಗೇಗೌಡನ ಪಕ್ಕದಲ್ಲೇ ಹೋದ. ರಂಗೇಗೌಡ ಪಕ್ಕೆ ಹಿಡಿದುಕೊಂಡು ಅವನನ್ನು ನೆಂಟರನ್ನು ಬೀಳ್ಕೊಡುವಂತೆ ನೋಡುತ್ತ ನಿಂತ. ಹುಡುಗ ಮತ್ತೆ ಬಂದ, ಮತ್ತೆ ಹೋದ. ಗೋಲಿನ ಮೇಲೆ ಗೋಲು. ಆಟ ಮುಗಿದ ಮೇಲೆ ರಂಗೇಗೌಡ ತಾತನ ಮುಂದೆ ತಲೆ ಬಗ್ಗಿಸಿ, "ಆ ಉಡುಗ ಓಗೋದು ಕಂಡೆ ಕಣ್ ಯಜಮಾನ್ರೆ. ಕಾಲು ಎತ್ತಾನ ಅಂದ್ರೆ ಒಟ್ಟೆ ಬುಡ್ನಿಲ್ಲ" ಅಂದ. ತಾತ ಯೋಚನೆ ಮಾಡಿದರು. "ಅಂಗಾದ್ರೆ ಶಕ್ತಿ ಸಾಲ್ದು ಅಂತಾಯ್ತು" ಅಂದರು. ಮುಂದಿನ ಸಲ ಅರಕಲಗೂಡಿನವರು ಬಂದಾಗ ಒಬ್ಬಟ್ಟಿನ ಜೊತೆಗೆ ಪಾಯಸವನ್ನೂ ಮಾಡಿಸಿದರು. ಅವತ್ತು ನಮ್ಮವರಲ್ಲಿ ಇಬ್ಬರು ಓಡಲಾರದೆ ಆಟದ ನಡುವೆ ಬಯಲಲ್ಲೇ ಕೂತರು.

ಅದರ ಮಾರನೆ ಸಂಜೆ ಚಿಕ್ಕಪ್ಪ ಮಂಡಿಯಿಂದ ಬಂದವನು ಕೈಕಾಲು ತೊಳೆಯದೆ ಜಗಲಿಯಲ್ಲೇ ನಿಂತ. ನಾನು ಚೆಂಡಿಗೆ ಎಣ್ಣೆ ಹಚ್ಚಿ ಆಗತಾನೆ ಗೂಟಕ್ಕೆ ಹಾಕಿದ್ದೆ. ತಾತ ಒರಗುದಿಂಬಿಗೆ ಆನಿಕೊಂಡು ಕೂತಿದ್ದರು. ಚಿಕ್ಕಪ್ಪ ಅವರ ಮುಖ ನೋಡಲಿಲ್ಲ. ಗೂಟದಿಂದ ಬಲೆಚೀಲ ತೆಗೆದುಕೊಂಡ. ತನ್ನ ಮನೆಯಿಂದಲೇ ಚೆಂಡು ಎತ್ತಿಕೊಂಡು ಹೋಗಬೇಕಾಗಿ ಬಂದ ಕ್ಯಾಪ್ಟನ್ ಅವನೊಬ್ಬನೇ ಇರಬೇಕು. ನಾನು ಅಳು ತೆಗೆದೆ. ಅವನು ಮೆಟ್ಟಿಲು ಇಳಿದ ಮೇಲೆ ತಾತ, "ಎಣ್ಣೆ ಹಚ್ಚೋದು ಮರೀಬ್ಯಾಡ್ರಪ್ಪ" ಅಂದರು. ಒಳಗೆ ಅಜ್ಜಿ ಒಲೆಯ ಮುಂದೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು, ಕೇಳಿದರೆ ಹೊಗೆ ಅಂದಳು.

ಚೆಂಡು ಹೋದದ್ದು ಡ್ರಿಲ್ ಮೇಷ್ಟ್ರ ಮನೆಗೆ. ಸೈನ್ಯದಲ್ಲಿದ್ದು ಬಂದ ಅವರು ಊಟವನ್ನೇ ಶತ್ರು ಅಂದುಕೊಂಡಿದ್ದರು. ಆಟದ ದಿನ ಒಂದು ಹಿಡಿ ನೆನೆಸಿದ ಕಡಲೆಕಾಳು, ಅಷ್ಟೆ. ಬೆಳಗಿನ ಜಾವ ಹೊಳೆ ಮರಳಿನಲ್ಲಿ ಓಡಿಸುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಟೀಮು ಗೆಲ್ಲತೊಡಗಿತು. ಹಾಸನಕ್ಕೆ ರೈಲಿನಲ್ಲಿ ಹೋಗಿ ಅವರ ನೆಲದಲ್ಲೇ ಅವರನ್ನು ಸೋಲಿಸಿ ಬಂತು. ಅವತ್ತು ಊರೆಲ್ಲ ಸ್ಟೇಷನ್ನಿನಲ್ಲಿತ್ತು, ತಾತನೂ ಹೋಗಿದ್ದರು, ಹಿಂದೆ ಎಲ್ಲೋ ನಿಂತಿದ್ದರು. ಅಷ್ಟರಲ್ಲಿ ಎರಡನೆ ಮಹಾಯುದ್ಧ ಶುರುವಾಗಿ ಮೇಷ್ಟ್ರಿಗೆ ಮತ್ತೆ ಸೈನ್ಯದಿಂದ ಕರೆ ಬಂತು. ಆಮೇಲೆ ಚೆಂಡು ಕಚೇರಿಯ ಶಿರಸ್ತೇದಾರರ ಮನೆ ಸೇರಿತು. ಅವರು ಕಾಯಿದೆಯ ಮನುಷ್ಯ. ಚೆಂಡು ಬಂದಾಗ ಯಾರು ಎಲ್ಲಿ ನಿಲ್ಲಬೇಕು ಎಂದು ಕೋಲಿನಿಂದ ನೆಲದಲ್ಲಿ ಗೆರೆ ಎಳೆದು ಪಾಠ ಹೇಳುತ್ತಿದ್ದರು. ಹುಡುಗರು ಗೆರೆಯನ್ನು ಜ್ಞಾಪಿಸಿಕೊಳ್ಳುವಷ್ಟರಲ್ಲಿ ಚೆಂಡು ಮುಂದಕ್ಕೆ ಹೋಗಿರುತ್ತಿತ್ತು. ಮತ್ತೆ ಸೋಲು. ಕೊನೆಗೆ ಅವರಿಗೆ ಅರಕಲಗೂಡಿಗೆ ವರ್ಗವಾಗಿ, ಅಲ್ಲಿಯ ಟೀಮಿನ ಮ್ಯಾನೇಜರಿಕೆಯನ್ನೂ ವಹಿಸಿಕೊಂಡರು. ನಮ್ಮ ಗುಟ್ಟೆಲ್ಲ ಶತ್ರುಗಳ ಪಾಲಾಯಿತೆಂದು ನಮ್ಮವರು ಹೆದರಿದರು. ಅರಕಲಗೂಡಿನವರೂ ಗೆರೆ ಜ್ಞಾಪಿಸಿಕೊಳ್ಳುತ್ತ ಸೋತ ಮೇಲೆ ಹೆದರಿಕೆ ಹೋಯಿತು.

ಈ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ತಾತ, ಚಿಕ್ಕಪ್ಪ ಮಾತು ಬಿಟ್ಟಿರಲಿಲ್ಲ, ಮಾತು ಸಣ್ಣದಾಗಿತ್ತು. ಕೊಬ್ಬರಿಯ ಧಾರಣೆ, ತಿಪಟೂರಿನ ಲೋಡು, ಇಷ್ಟೇ. ಇಬ್ಬರೂ ಒಂದೇ ಪಡಸಾಲೆಯಲ್ಲಿ ಉಣ್ಣುತ್ತಿದ್ದರು, ಬಡಿಸುವ ಅಜ್ಜಿಯ ಬಳೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಖಾಲಿ ಗೂಟಕ್ಕೆ ಯಾರೋ ಒಮ್ಮೆ ಕೊಡೆ ತಗುಲಿಹಾಕಿದ್ದರು. ತಾತ ಎದ್ದು ಹೋಗಿ ಅದನ್ನು ತೆಗೆದು ಮೂಲೆಗಿಟ್ಟರು. ಆಮೇಲೆ ಯಾರೂ ಅದಕ್ಕೆ ಏನನ್ನೂ ಹಾಕಲಿಲ್ಲ. ಊರಲ್ಲಿ ಆಟ ಇದ್ದ ದಿನ ತಾತ ತಪ್ಪದೆ ಬಯಲಿಗೆ ಹೋಗುತ್ತಿದ್ದರು, ನನ್ನನ್ನೂ ಕೈ ಹಿಡಿದು ಕರೆದೊಯ್ಯುತ್ತಿದ್ದರು. ನಮ್ಮ ಗೋಲಿನ ಹಿಂದೆ ಹೊಂಗೆ ಮರದ ನೆರಳಲ್ಲಿ ನಿಲ್ಲುತ್ತಿದ್ದರು. ಚಿಕ್ಕಪ್ಪನ ಬೆನ್ನು ನಮಗೆ ಕಾಣುತ್ತಿತ್ತು, ಅವನು ತಿರುಗಿ ನೋಡುತ್ತಿರಲಿಲ್ಲ. ಅವನು ಚೆಂಡಿಗೆ ಹಾರಿ ನೆಲಕ್ಕೆ ಬಿದ್ದಾಗಲೆಲ್ಲ ತಾತನ ಹಿಡಿತ ನನ್ನ ಕೈ ಮೇಲೆ ಬಿಗಿಯಾಗುತ್ತಿತ್ತು. ಆ ಚೆಂಡು ನಮ್ಮ ಮನೆಗೆ ಬಂದರೆ ಸಾಕು, ಇವರಿಬ್ಬರೂ ಮೊದಲಿನ ಹಾಗೆ ಆಗುತ್ತಾರೆ ಎಂದು ನಾನು ದಿನಾ ಶಿವನಿಗೆ ಕೈ ಮುಗಿಯುತ್ತಿದ್ದೆ.

ಶಿರಸ್ತೇದಾರರು ಹೋದ ಮೇಲೆ ಹುಡುಗರು ಚಿಕ್ಕಪ್ಪನನ್ನೇ ಮ್ಯಾನೇಜರು ಆಗು ಅಂದರು. ಅಂದರೆ ಚೆಂಡು ಅವನು ಮಲಗುವ ಕೋಣೆಯಲ್ಲಿ ಮಲಗಬೇಕು. ಅವತ್ತು ಅವನು ಚೆಂಡು ಹಿಡಿದು ಬಂದಾಗ ಅಜ್ಜಿ ಹೊಸ್ತಿಲಿಗೆ ದೀಪ ಇಡುತ್ತಿದ್ದಳು. ಅವನು ಕೋಣೆಗೆ ಹೋಗಲಿಲ್ಲ. ತಾತನ ಮುಂದೆ ಬಂದು ನಿಂತು, "ಅಪ್ಪಾಜಿ, ನಿಮ್ಮ ಗೂಟಕ್ಕೇ ಹಾಕ್ಲಾ?" ಅಂದ. ತಾತ ಚೆಂಡನ್ನು ನೋಡಿದರು. ತೊಗಲು ಒಣಗಿ ಬಿರುಕು ಬಿಟ್ಟಿತ್ತು. "ಬ್ಯಾಡ ಕಣ್ಲಾ. ನನ್ ಕೈಲಿ ಗೆಲ್ಸಾಕೆ ಆಗಾಕಿಲ್ಲ" ಅಂದರು. ಚಿಕ್ಕಪ್ಪ ಚೆಂಡನ್ನು ಕೆಳಗಿಡಲಿಲ್ಲ. "ಗೆಲ್ಲೋದು ಸೋಲೋದು ನಮ್ಗಿರ್ಲಿ. ನೀವು ಊಟ ಹಾಕ್ಸಿ. ಆದ್ರೆ ಆಟ ಮುಗುದ್ ಮ್ಯಾಲೆ" ಅಂದ. ತಾತನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವರು ನಕ್ಕರು ನೋಡಿ, ಎಷ್ಟೋ ಕಾಲದಿಂದ ಬೀಗ ಹಾಕಿದ್ದ ಕೋಣೆಯ ಬಾಗಿಲು ತೆಗೆದ ಹಾಗಾಯಿತು. "ಇದ್ನ ಅವತ್ತೇ ಯೋಳಿದ್ರೆ ಪಾಯಸ ಉಳೀತಿತ್ತಲ್ಲೋ" ಅಂದರು. ಅಜ್ಜಿ ನನ್ನ ಕಡೆ ತಿರುಗಿ, ನಿಂತು ಏನು ನೋಡ್ತೀಯೆ, ಎಣ್ಣೆ ಬಟ್ಲು ತಗೊಂಬಾ ಅಂದಳು. ಆ ಮಳೆಗಾಲದಲ್ಲಿ ಚೆಂಡಿಗೆ ಬೂಷ್ಟು ಹಿಡಿಯುತ್ತದೆಂದು ಅದನ್ನು ಹೊಸ್ತಿಲು ದಾಟಿಸಿ ಒಳಗೆ ತಂದವಳೂ ಅವಳೇ.

ಆಮೇಲಿನ ವರ್ಷಗಳಲ್ಲಿ ನಮ್ಮ ಟೀಮು ಗೆದ್ದದ್ದೂ ಉಂಟು, ಸೋತದ್ದೂ ಉಂಟು. ಯಾವುದು ಹೆಚ್ಚೆಂದು ಈಗ ನೆನಪಿಲ್ಲ. ನೆನಪಿರುವುದು ಆಟ ಮುಗಿದ ಮೇಲಿನ ಜಗಲಿ. ತಾತ ಒಂದು ಟೀಮಿಗೆ ಎಲೆ ಹಾಕಿ ಇನ್ನೊಂದನ್ನು ಹಾಗೇ ಕಳಿಸುವವರಲ್ಲ. ಎದುರಾಳಿಗಳೂ ಅದೇ ಸಾಲಿನಲ್ಲಿ ಕೂರುತ್ತಿದ್ದರು. ಅರಕಲಗೂಡಿನವರು ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ಮಸಿ ಹತ್ತಿದ ಮುಖದಲ್ಲಿ ಬಂದಿಳಿಯುತ್ತಿದ್ದರು, ಹಾಸನದವರು ಕೊನೆಯ ರೈಲು ತಪ್ಪುವ ತನಕ ಉಣ್ಣುತ್ತಿದ್ದರು. ಯುದ್ಧ ಜೋರಾಗಿ ಅಕ್ಕಿ ಬೇಳೆ ರೇಷನ್ನಿಗೆ ಬಂದಾಗ ಒಬ್ಬಟ್ಟು ಹೋಗಿ ಮುದ್ದೆ, ಅವರೆಕಾಳಿನ ಸಾರು ಬಂತು. ಸಾಲು ಮಾತ್ರ ಕುಗ್ಗಲಿಲ್ಲ. ಚೆಂಡಿನ ಒಳಗಿನ ರಬ್ಬರು ಸಿಗದೆ, ಸೈಕಲ್ ಪಂಕ್ಚರಿನವನಿಂದ ತೇಪೆ ಹಾಕಿಸಿ ಹಾಕಿಸಿ ಆಡಿದರು. ಗೂಟದ ಕೆಳಗೆ ಅಪ್ಪ ಮಗ ಕೂತು ರಂಗೇಗೌಡ ಯಾವಾಗ ಎಡಕ್ಕೆ ಹೋಗಬೇಕಿತ್ತೆಂದು ವಾದ ಮಾಡುವುದನ್ನು ಕೇಳುತ್ತ ನಾನು ಎಣ್ಣೆ ತಿಕ್ಕುತ್ತಿದ್ದೆ. ನನ್ನ ಬದುಕಿನಲ್ಲಿ ಅದಕ್ಕಿಂತ ಸುಖದ ಹೊತ್ತು ಬಂದಿಲ್ಲವೆಂದರೆ ನನ್ನ ಮನೆಯವರು ಬೇಸರ ಮಾಡಿಕೊಂಡಾರು, ಆದರೂ ಅದು ನಿಜ. ಆ ಹೊತ್ತುಗಳನ್ನು ನನಗೆ ಕೊಟ್ಟ ಎಲ್ಲರಿಗೂ, ಕಡಲೆಕಾಳಿನ ಮೇಷ್ಟ್ರಿಗೂ, ಗೆರೆ ಎಳೆದ ಶಿರಸ್ತೇದಾರರಿಗೂ ಸೇರಿಸಿ, ನಾನು ಋಣಿ.

ಯುದ್ಧ ಮುಗಿದು ಬೇಳೆ ಬೆಲ್ಲ ಮತ್ತೆ ಕಣ್ಣಿಗೆ ಕಾಣುವಂತಾದ ಕಾಲದಲ್ಲಿ ತಾತ ಹೋದರು. ಜಗಲಿಯಲ್ಲಿ ಒರಗಿ ಕೂತಂತೆಯೇ ಹೋದರು. ಅವರ ಹೆಸರಲ್ಲಿ ಊರಿಗೆ ಊಟ ಹಾಕುವ ಶಿವಗಣಾರಾಧನೆಯ ದಿನ ಯಾರೂ ಹೇಳಿಕಳಿಸದೆ ನಾಲ್ಕೂ ಊರಿನ ಆಟಗಾರರು ಬಂದರು. ಬಂದವರೇ ಪಂಚೆ ಎತ್ತಿ ಕಟ್ಟಿ ಬಡಿಸಲು ನಿಂತರು. ಹಾಸನದವನು ಅನ್ನ, ಪಟ್ಟಣದ ಆ ಪೀಚಲು ಹುಡುಗ ತುಪ್ಪ. ಊರವರದೆಲ್ಲ ಮುಗಿದ ಮೇಲೆ ಇಳಿಬಿಸಿಲಿನಲ್ಲಿ ಅವರೆಲ್ಲ ಜಗಲಿಯ ಮೇಲೆ ಗೂಟದ ಕೆಳಗೆ ಒಂದೇ ಸಾಲಾಗಿ ಕೂತರು. ಸಾಲಿನ ಕೊನೆಯಲ್ಲಿ, ತಾತ ಕೂರುತ್ತಿದ್ದ ಕಡೆ, ಚಿಕ್ಕಪ್ಪ ಕೂತ. ಎಲೆಗೆ ಹಾಕಿದ್ದು ಹಾಗೇ ಇತ್ತು. ತಾತ ಹೋದಾಗಿನಿಂದ ಅಜ್ಜಿ ಒಳಗಿನಿಂದ ಹೊರಗೆ ಬಂದಿರಲಿಲ್ಲ. ಅವತ್ತು ಒಬ್ಬಟ್ಟಿನ ತಟ್ಟೆ ಹಿಡಿದು, ಬೋಳು ಕೈಯಲ್ಲಿ, ಬಳೆಯ ಸದ್ದಿಲ್ಲದೆ ಹೊಸ್ತಿಲು ದಾಟಿ ಬಂದಳು. ಅಭ್ಯಾಸಬಲದಿಂದ ಎಲ್ಲರೂ ಎಲೆಯ ಮೇಲೆ ಕೈ ಅಡ್ಡ ಹಿಡಿದರು, ಮೊದಲು ರಂಗೇಗೌಡ. ಅಜ್ಜಿ ಅವನ ಮುಂದೆ ಬಗ್ಗಿದಳು.

"ಕೈ ತೆಗಿಯಪ್ಪ" ಅಂದಳು. "ಹೊಟ್ಟೆ ತುಂಬ ತಿನ್ರಿ. ಇವತ್ತು ಆಟ ಇಲ್ಲ."

ಸಾಲಿನುದ್ದಕ್ಕೂ ಒಬ್ಬೊಬ್ಬರಾಗಿ ಎಲ್ಲರೂ ಕೈ ತೆಗೆದರು.